ಮಾವುತನ ಮಗ ಸಾಬು

ಆಳಂದದ ಅಮರಜೆಯೂ ಅಫಜಲಪುರ ಮತ್ತು ಜೇವರ್ಗಿಗಳ ಭೀಮೆಯೂ ಹರಿಯುವ ಈ ಎರೆಭೂಮಿ ಜೋಳ-ತೊಗರಿಗಳ ಸೀಮೆ. ಇಲ್ಲಿ ಕಾಡಾನೆಗಳಿಲ್ಲ. ಇಲ್ಲಿಯ ಮಕ್ಕಳಿಗೆ ಆನೆಯೆಂದರೆ ಗುಡಿಯ ಕಲ್ಲಿನಲ್ಲಿ ಕಂಡರಿಸಿದ ರೂಪ, ಇಲ್ಲವೆ ಜಾತ್ರೆ ಉತ್ಸವಗಳಲ್ಲಿ ಎಂದೋ ಒಮ್ಮೆ ಕಾಣುವ ಸೋಜಿಗ. ಆದರೆ ದುಡಿಮೆಯಲ್ಲಿ ಮೇಲು-ಕೀಳುಗಳಿಲ್ಲವೆಂದು ಸಾರಿದ, ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಬಾಳಿ ತೋರಿಸಿದ ಶರಣರ ಮಾರ್ಗ ಈ ನೆಲಕ್ಕೆ ಹೊಸದಲ್ಲ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯನ್ನು ದಾಸೋಹ ಕ್ಷೇತ್ರವನ್ನಾಗಿ ಮಾಡಿದ ಶರಣಬಸವೇಶ್ವರರ ನೆನಪು ಇಂದಿಗೂ ಇಲ್ಲಿ ಹಸಿರಾಗಿದೆ. ಕಾಯಕದ ಘನತೆಯನ್ನು ಅರಿತ ಇಂಥ ನಾಡಿನವರಿಗೆ, ಕನ್ನಡ ನೆಲದ ಇನ್ನೊಂದು ತುದಿಯಲ್ಲಿ ಆನೆಗಳ ನಡುವೆ ಬೆಳೆದು, ತನ್ನ ಕಾಯಕದ ಬಲದಿಂದಲೇ ಜಗತ್ತಿನ ತೆರೆಯ ಮೇಲೆ ಕಾಣಿಸಿಕೊಂಡ ಒಬ್ಬ ಅನಾಥ ಬಾಲಕನ ಜೀವನ ಕೇವಲ ಸಿನಿಮಾ ನಟನೊಬ್ಬನ ಕಥೆಯಾಗಿ ತೋರಲಾರದು.

ಆ ಬಾಲಕನೇ ಸಾಬು. ಇಂಗ್ಲೆಂಡ್ ಮತ್ತು ಅಮೆರಿಕಗಳ ಚಲನಚಿತ್ರಗಳಲ್ಲಿ ಭಾರತೀಯರ ಪಾತ್ರಗಳನ್ನೂ ಬಿಳಿಯರೇ ಮೈಗೆ ಬಣ್ಣ ಬಳಿದುಕೊಂಡು ಅಭಿನಯಿಸುತ್ತಿದ್ದ ಕಾಲದಲ್ಲಿ, ನಿಜವಾದ ಭಾರತೀಯನೊಬ್ಬನು ಪ್ರಧಾನ ಪಾತ್ರ ವಹಿಸಿ ಲೋಕವಿಖ್ಯಾತನಾದದ್ದು ಅವನಿಂದ. ಆದರೆ ಅವನಿಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂಬುದನ್ನು ತೂಗಿ ನೋಡಿದಾಗ, ಒಬ್ಬ ಮನುಷ್ಯನ ಚಿತ್ರವನ್ನು ಬರೆಯುವ ಕುಂಚ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಅವನ ಬಾಳಿನ ಸಾರವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಜನನ ಮತ್ತು ಬಾಲ್ಯ

ಅಂದಿನ ಮೈಸೂರು ಸಂಸ್ಥಾನದ ದಕ್ಷಿಣದಲ್ಲಿ, ಕಬಿನಿ ನದಿಯ ಕಾಡಿನಂಚಿನಲ್ಲಿರುವ ಊರು ಕಾರಾಪುರ. ಹೆಗ್ಗಡದೇವನಕೋಟೆಯ ಈ ಸೀಮೆ ಆನೆಗಳ ಬೀಡು. 1924ರ ಜನವರಿ 27ರಂದು ಅಲ್ಲಿಯ ಒಂದು ಬಡ ಮುಸಲ್ಮಾನ ಕುಟುಂಬದಲ್ಲಿ ಸಾಬು ಹುಟ್ಟಿದನು. ತಂದೆ ಮಹಾರಾಜರ ಆನೆಗಳ ಮಾವುತ. ತಾಯಿ ಮಗು ಇನ್ನೂ ಎಳೆಯದಾಗಿರುವಾಗಲೇ ತೀರಿಕೊಂಡಳು. ಮಗನಿಗೆ ಹತ್ತು ವರ್ಷ ತುಂಬುವುದರೊಳಗೆ ತಂದೆಯೂ ಮರಣಹೊಂದಿದನು. ಉಳಿದ ಆಸರೆಯೆಂದರೆ ಅಣ್ಣ ಶೇಖ್ ದಸ್ತಗೀರ್ ಮತ್ತು ಅರಮನೆಯ ಆನೆಲಾಯ. ತಂದೆಯ ಅನ್ನದ ದಾರಿಯೇ ಮಗನ ದಾರಿಯಾಯಿತು. ಆನೆಗೆ ಮೇವು ತರುವುದು, ಹೊಳೆಗೆ ಒಯ್ದು ಮೈ ತಿಕ್ಕಿ ತೊಳೆಯುವುದು, ಕಾಲ ಬೆರಳ ಸಂಜ್ಞೆಯಿಂದ ಅದನ್ನು ನಡೆಸುವುದು, ಅದರ ಮುನಿಸನ್ನು ಮುಂಚೆಯೇ ಅರಿಯುವುದು ಇವೇ ಅವನು ಕಲಿತ ಅಕ್ಷರಗಳು. ಶಾಲೆಯ ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ ಅವನು ಹತ್ತಿದ್ದು ಆನೆಯ ಬೆನ್ನನ್ನು.

ಮೈಸೂರು ಸೀಮೆಯ ಮಾವುತರ ವಿದ್ಯೆ ಸಾಮಾನ್ಯವಾದುದಲ್ಲ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಇಲ್ಲಿ ಖೆಡ್ಡಾ ಪದ್ಧತಿಯನ್ನು ನೆಲೆಗೊಳಿಸಿದನು. ಕಾಡಾನೆಗಳ ಹಿಂಡನ್ನು ಡೋಲು, ಪಂಜು, ಕೂಗುಗಳಿಂದ ಬೆದರಿಸಿ, ಹೊಳೆ ದಾಟಿಸಿ, ಮರದ ದಿಮ್ಮಿಗಳ ಬಲವಾದ ಆವರಣದೊಳಗೆ ಕೂಡುವುದು ಖೆಡ್ಡಾದ ಕ್ರಮ. ಹಾಗೆ ಕೂಡಿದ ಆನೆಗಳ ನಡುವೆ ಸಾಕಾನೆಯ ಮೇಲೆ ಕುಳಿತು ನುಗ್ಗಿ, ಅವುಗಳ ಕಾಲಿಗೆ ಹಗ್ಗ ಬಿಗಿಯುತ್ತಿದ್ದವರು ಮಾವುತರು ಮತ್ತು ಕಾವಾಡಿಗಳು. ಬೇಟೆಯ ವೈಭವವನ್ನು ವೇದಿಕೆಯ ಮೇಲಿಂದ ನೋಡಿದ ವೈಸರಾಯರ, ರಾಜಕುಮಾರರ ಹೆಸರುಗಳು ದಾಖಲೆಯಲ್ಲಿವೆ. ಪ್ರಾಣ ಒತ್ತೆಯಿಟ್ಟು ಹಗ್ಗ ಕಟ್ಟಿದವರಲ್ಲಿ ಹೆಚ್ಚಿನವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅಂಥ ಹೆಸರಿಲ್ಲದವರ ಕುಲದಿಂದ ಬಂದವನು ಸಾಬು.

ಪಡುವಣದಿಂದ ಬಂದ ಚಿತ್ರಗಾರರು

ಆ ಕಾಲಕ್ಕೆ ಲಂಡನ್ನಿನಲ್ಲಿ ಹಂಗೇರಿಯಿಂದ ಬಂದು ನೆಲೆಸಿದ ಅಲೆಕ್ಸಾಂಡರ್ ಕೋರ್ಡಾ ಎಂಬ ನಿರ್ಮಾಪಕನು ಬ್ರಿಟಿಷ್ ಸಾಮ್ರಾಜ್ಯದ ದೂರದ ನಾಡುಗಳನ್ನು ಕುರಿತು ಚಿತ್ರಗಳನ್ನು ತೆಗೆಯಲು ತೊಡಗಿದ್ದನು. ರಡ್ಯಾರ್ಡ್ ಕಿಪ್ಲಿಂಗನು 1894ರಲ್ಲಿ ಪ್ರಕಟಿಸಿದ 'ಜಂಗಲ್ ಬುಕ್' ಗ್ರಂಥದಲ್ಲಿ ತೂಮಾಯಿ ಎಂಬ ಮಾವುತ ಬಾಲಕನ ಕಥೆಯೊಂದಿದೆ. ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಆದರೆ ಅದರಲ್ಲಿ ಬರುವ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಮೈಸೂರಿನ ಸ್ಯಾಂಡರ್ಸನ್ನನೇ ಮಾದರಿಯೆಂದು ಹಲವರು ಹೇಳುವುದುಂಟು. ಈ ಕಥೆಯನ್ನು ಚಿತ್ರವಾಗಿಸುವ ಹೊಣೆಯನ್ನು ಕೋರ್ಡಾ ಅಮೆರಿಕದ ರಾಬರ್ಟ್ ಫ್ಲಾಹರ್ಟಿಗೆ ಒಪ್ಪಿಸಿದನು.

ಫ್ಲಾಹರ್ಟಿ ಸಾಮಾನ್ಯ ನಿರ್ದೇಶಕನಲ್ಲ. ಉತ್ತರ ಧ್ರುವದ ಸಮೀಪದ ಇನ್ಯೂಟ್ ಜನರ ಬಾಳನ್ನು ಕುರಿತು 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರವನ್ನು ತೆಗೆದು ಸಾಕ್ಷ್ಯಚಿತ್ರಗಳ ಜನಕನೆಂದು ಹೆಸರಾದವನು. ಆ ಚಿತ್ರದ ನಾಯಕನು ಇನ್ಯೂಟನೇ. ಆದರೆ ಅವನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಜಗತ್ತು ಅವನನ್ನು ಅರಿತದ್ದು ನಿರ್ದೇಶಕನು ಇಟ್ಟ ನಾನೂಕ್ ಎಂಬ ಹೆಸರಿನಿಂದ. ಅವನ ಜನ ಅದಾಗಲೇ ಬಂದೂಕು ಹಿಡಿದು ಬೇಟೆಯಾಡುತ್ತಿದ್ದರೂ, ಚಿತ್ರಕ್ಕಾಗಿ ಹಳೆಯ ಭರ್ಚಿಯನ್ನೇ ಹಿಡಿಯಬೇಕಾಯಿತು. ದೂರದ ಜನರನ್ನು ಪ್ರೀತಿಯಿಂದ ಕಂಡವರೂ ಅವರನ್ನು ತಮ್ಮ ಮನಸ್ಸಿನ ಚೌಕಟ್ಟಿನಲ್ಲಿಯೇ ಕೂಡಿಸುತ್ತಿದ್ದರೆಂಬುದಕ್ಕೆ ಇದೊಂದು ನಿದರ್ಶನ.

1935ರಲ್ಲಿ ಫ್ಲಾಹರ್ಟಿಯು ಪತ್ನಿ ಫ್ರಾನ್ಸಿಸ್ ಹಾಗೂ ಸಂಗಡಿಗರೊಡನೆ ಮೈಸೂರಿಗೆ ಬಂದನು. ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರ ಅವರಿಗೆ ಚಿತ್ತರಂಜನ ಮಹಲನ್ನು ಬಿಡಾರಕ್ಕೆ ಕೊಟ್ಟು, ಅರಮನೆಯ ಆನೆಗಳನ್ನೂ ಕಾಡಿನ ನೆರವನ್ನೂ ಒದಗಿಸಿತು. ಚಿತ್ರದ ಕಾಲಾನಾಗನೆಂಬ ಆನೆಯ ಪಾತ್ರಕ್ಕೆ ಅರಮನೆಯ ಐರಾವತ ಆಯ್ಕೆಯಾಯಿತು. ತೂಮಾಯಿಯಾಗಬಲ್ಲ ಬಾಲಕನಿಗಾಗಿ ಹುಡುಕಾಟ ನಡೆದಿತ್ತು. ಛಾಯಾಗ್ರಾಹಕ ಓಸ್ಮಂಡ್ ಬೊರಡೇಲನ ಕಣ್ಣಿಗೆ ಬಿದ್ದವನು ಆನೆಲಾಯದ ಸಾಬು. ಹನ್ನೊಂದು ವರ್ಷದ ತೆಳ್ಳನೆಯ ಮೈ, ಅಗಲವಾದ ಕಣ್ಣುಗಳು, ತುಂಬು ನಗೆ, ಇವೆಲ್ಲಕ್ಕೂ ಮಿಗಿಲಾಗಿ ಪರ್ವತದಂಥ ಐರಾವತನ ಮೇಲೆ ಅವನು ಅಳುಕಿಲ್ಲದೆ ಕೂಡುತ್ತಿದ್ದ ಪರಿ. ಅದು ಅಭಿನಯವಾಗಿರಲಿಲ್ಲ. ಅದು ಅವನ ನಿತ್ಯದ ಕೆಲಸವಾಗಿತ್ತು. ಅವನಿಗೆ ನಟನೆ ಕಲಿಸಬೇಕಾಗಲಿಲ್ಲ, ಅವನ ಕಾಯಕವೇ ತೆರೆಯ ಮೇಲೆ ಕಲೆಯಾಯಿತು.

ಲಂಡನ್ನಿನ ದಾರಿ

ಒಂದು ವರ್ಷಕ್ಕೂ ಮೀರಿ ಮೈಸೂರಿನಲ್ಲಿ ಚಿತ್ರೀಕರಣ ಸಾಗಿತು. ಕಾಡು, ಹೊಳೆ, ಆನೆ, ಮಳೆಗಳನ್ನು ಫ್ಲಾಹರ್ಟಿ ರೀಲುಗಟ್ಟಲೆ ಸೆರೆಹಿಡಿದನಾದರೂ ಕಥೆ ಮುಂದೆ ಸಾಗಲಿಲ್ಲ. ನಿರ್ಮಾಪಕನು ತನ್ನ ತಮ್ಮ ಝೋಲ್ಟಾನ್ ಕೋರ್ಡಾನನ್ನು ಕೆಲಸಕ್ಕೆ ಕೂಡಿಸಿದನು. ಉಳಿದ ದೃಶ್ಯಗಳನ್ನು ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ತೆಗೆಯುವುದೆಂದು ತೀರ್ಮಾನವಾಗಿ, 1936ರಲ್ಲಿ ಸಾಬುವನ್ನೂ ಅವನ ಅಣ್ಣನನ್ನೂ ಹಡಗಿನಲ್ಲಿ ಕರೆದೊಯ್ಯಲಾಯಿತು. ಆ ದೇಶದಲ್ಲಿ ಅಣ್ಣನ ಹೆಸರು ತಮ್ಮನ ಹೆಸರಿಗೆ ಅಂಟಿಕೊಂಡು, ಅವನು ಲೋಕಕ್ಕೆ ಸಾಬು ದಸ್ತಗೀರನಾದನು. ಇನ್ಯೂಟ್ ಬೇಟೆಗಾರನಂತೆ ಈ ಮೈಸೂರು ಬಾಲಕನ ಹೆಸರೂ ಪರರ ದಾಖಲೆಯಲ್ಲಿ ಬೇರೆಯಾಯಿತು.

'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. ಅದೇ ವರ್ಷ ವೆನಿಸ್ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪುರಸ್ಕಾರ ಫ್ಲಾಹರ್ಟಿ ಮತ್ತು ಝೋಲ್ಟಾನ್ ಕೋರ್ಡಾ ಇಬ್ಬರಿಗೂ ಸಂದಿತು. ಆದರೆ ಜನ ನೆನಪಿಟ್ಟದ್ದು ಚಿತ್ರದ ಆರಂಭದಲ್ಲಿ ಒಬ್ಬನೇ ನಿಂತು, ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ ಮಾತನಾಡುವ ಬಾಲಕನನ್ನು. ಈ ಚಿತ್ರದಲ್ಲಿಯೇ ಆ ಕಾಲದ ರೀತಿಯೂ ಸ್ಪಷ್ಟವಾಗಿ ಕಾಣುತ್ತದೆ. ಬೇಟೆಯ ತಂಡದ ಹಿರಿಯನಾದ ಮಾಚುವಾ ಅಪ್ಪನ ಪಾತ್ರವನ್ನು ವಹಿಸಿದವನು ಅಲನ್ ಜೇಯಸ್ ಎಂಬ ಆಂಗ್ಲ ನಟ. ಮೈಸೂರಿನ ಆನೆ, ಮೈಸೂರಿನ ಕಾಡು, ಮೈಸೂರಿನ ಬಾಲಕ ಎಲ್ಲವೂ ನಿಜ. ಆದರೆ ಮಾತು ತೂಕವುಳ್ಳದ್ದಾಗಿರಬೇಕಾದ ಕಡೆಯಲ್ಲಿ ಭಾರತೀಯನ ಸ್ಥಾನದಲ್ಲಿ ಬಣ್ಣ ಬಳಿದ ಆಂಗ್ಲನು ನಿಂತನು.

ಅಂದಿನ ಬೆಳ್ಳಿತೆರೆ

ಇದು ಒಂದು ಚಿತ್ರದ ದೋಷವಲ್ಲ, ಒಂದು ಯುಗದ ಪದ್ಧತಿ. ಜಪಾನಿನಿಂದ ಹೋದ ಸೆಸ್ಸು ಹಯಕಾವಾ 1915ರಷ್ಟು ಹಿಂದೆಯೇ ಹಾಲಿವುಡ್ಡಿನಲ್ಲಿ ಪ್ರಖ್ಯಾತನಾದರೂ, ಆ ಕೀರ್ತಿ ಬಂದದ್ದು ಕ್ರೂರಿಯಾದ ಪೌರಸ್ತ್ಯನೊಬ್ಬನ ಪಾತ್ರದಿಂದ. ಅಮೆರಿಕದಲ್ಲಿಯೇ ಹುಟ್ಟಿ ಬೆಳೆದ ಚೀನೀ ಮೂಲದ ನಟಿ ಆನ್ನಾ ಮೇ ವಾಂಗ್ ಪ್ರತಿಭಾವಂತೆಯೆಂದು ಎಲ್ಲರೂ ಒಪ್ಪಿದ್ದರು. ಆದರೆ ಚೀನೀ ರೈತರ ಬಾಳನ್ನು ಚಿತ್ರಿಸಿದ 'ದಿ ಗುಡ್ ಅರ್ತ್' 1937ರಲ್ಲಿ ಬಂದಾಗ ರೈತನ ಹೆಂಡತಿಯ ಪಾತ್ರ ಅವಳಿಗೆ ದೊರೆಯಲಿಲ್ಲ. ಆ ಪಾತ್ರ ವಹಿಸಿದ ಯುರೋಪಿನ ಲೂಯಿಸ್ ರೈನರಳಿಗೆ ಆಸ್ಕರ್ ಪ್ರಶಸ್ತಿ ಸಂದಿತು. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಹಾಲಿವುಡ್ಡಿನ ನೀತಿಸಂಹಿತೆ ಬಿಳಿಯರು ಮತ್ತು ಕರಿಯರ ನಡುವಣ ಪ್ರೇಮವನ್ನು ತೆರೆಯ ಮೇಲೆ ತೋರಿಸುವುದನ್ನು ನಿಷೇಧಿಸಿತ್ತು. ಏಷ್ಯದವರ ವಿಷಯದಲ್ಲಿಯೂ ಅದರ ನೆರಳು ಬಿದ್ದಿತ್ತು. ನಾಯಕ ಬಿಳಿಯನಾದರೆ ನಾಯಕಿಯೂ ಬಿಳಿಯಳೇ ಆಗಬೇಕಿತ್ತು.

ಕೋರ್ಡಾನ ಚಿತ್ರಗಳಲ್ಲಿಯೇ ಇದಕ್ಕೆ ಎರಡು ಸಾಕ್ಷಿಗಳಿವೆ. 1935ರ 'ಸ್ಯಾಂಡರ್ಸ್ ಆಫ್ ದಿ ರಿವರ್' ಚಿತ್ರದಲ್ಲಿ ಆಫ್ರಿಕದ ನಾಯಕನ ಪಾತ್ರ ವಹಿಸಿದ ಮಹಾಗಾಯಕ ಪಾಲ್ ರೋಬ್ಸನ್, ಸಿದ್ಧವಾದ ಚಿತ್ರ ಸಾಮ್ರಾಜ್ಯಶಾಹಿಯ ಹೊಗಳಿಕೆಯಾದುದನ್ನು ಕಂಡು ನೊಂದು ಅದರಿಂದ ದೂರವಾದನು. ಎರಡನೆಯ ಸಾಕ್ಷಿ ಮರ್ಲ್ ಓಬೆರಾನ್. ಕೋರ್ಡಾನ ಚಿತ್ರಗಳಿಂದ ತಾರೆಯಾಗಿ, ಮುಂದೆ ಅವನ ಪತ್ನಿಯೂ ಆದ ಈಕೆ 1911ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಅವಳ ರಕ್ತದಲ್ಲಿ ಭಾರತದ ಪಾಲಿತ್ತು. ಅದು ತಿಳಿದರೆ ನಾಯಕಿಯ ಪಾತ್ರಗಳು ಕೈತಪ್ಪುತ್ತಿದ್ದುದರಿಂದ, ತಾನು ಆಸ್ಟ್ರೇಲಿಯದ ಟಾಸ್ಮೇನಿಯದವಳೆಂದು ಬಾಳಿನುದ್ದಕ್ಕೂ ಹೇಳಿಕೊಂಡಳು. 1979ರಲ್ಲಿ ಅವಳು ತೀರಿದ ಮೇಲೆಯೇ ಸತ್ಯ ಲೋಕಕ್ಕೆ ತಿಳಿದದ್ದು. ಒಂದೇ ನಿರ್ಮಾಪಕನ ಆಶ್ರಯದಲ್ಲಿ ಭಾರತದಲ್ಲಿ ಹುಟ್ಟಿದ ಇಬ್ಬರಿದ್ದರು. ಒಬ್ಬಳು ತನ್ನ ಮೂಲವನ್ನು ಮುಚ್ಚಿಟ್ಟು ರಾಣಿಯಾಗಿ ಮೆರೆದಳು. ಇನ್ನೊಬ್ಬನು ಮೂಲವನ್ನು ಮುಚ್ಚಿಡಲಾರದೆ, ಮುಚ್ಚಿಡದೆ, ಯಾವಾಗಲೂ ಬಾಲಕನಾಗಿಯೇ ಉಳಿದನು.

ಕೀರ್ತಿಯ ಶಿಖರ

ಇಂಗ್ಲೆಂಡಿನಲ್ಲಿ ಸಾಬುವನ್ನು ಶಾಲೆಗೆ ಸೇರಿಸಲಾಯಿತು. ಅವನು ಬೇಗನೆ ಭಾಷೆಯನ್ನು ಕಲಿತನು. 1938ರಲ್ಲಿ ಅವನ ಎರಡನೆಯ ಚಿತ್ರ 'ದಿ ಡ್ರಮ್' ವರ್ಣದಲ್ಲಿ ಬಂದಿತು. ವಾಯವ್ಯ ಗಡಿನಾಡಿನ ಅಜೀಮ್ ಎಂಬ ರಾಜಕುಮಾರನು ಬ್ರಿಟಿಷರ ವಿರುದ್ಧ ಸಂಚು ಹೂಡಿದ ತನ್ನ ಚಿಕ್ಕಪ್ಪನನ್ನು ಬಯಲಿಗೆಳೆದು ಆಂಗ್ಲ ಸೈನ್ಯವನ್ನು ಉಳಿಸುವ ಕಥೆ ಅದು. ದುಷ್ಟನಾದ ಚಿಕ್ಕಪ್ಪನ ಪಾತ್ರದಲ್ಲಿ ಕೆನಡಾದ ರೇಮಂಡ್ ಮ್ಯಾಸ್ಸಿ ಅಭಿನಯಿಸಿದ್ದನು. ಬ್ರಿಟಿಷರಿಗೆ ನಿಷ್ಠನಾದ ಭಾರತೀಯನು ಒಳ್ಳೆಯವನು, ಸ್ವಾತಂತ್ರ್ಯ ಬಯಸುವವನು ಕಪಟಿ ಎಂಬ ಭಾವ ಚಿತ್ರದಲ್ಲಿ ಹಾಸುಹೊಕ್ಕಾಗಿತ್ತು. ಸ್ವಾತಂತ್ರ್ಯ ಸಂಗ್ರಾಮದ ಕಾವಿನಲ್ಲಿದ್ದ ಭಾರತ ಇದನ್ನು ಸಹಿಸಲಿಲ್ಲ. ಮುಂಬಯಿ ಮತ್ತು ಮದರಾಸುಗಳಲ್ಲಿ ಪ್ರೇಕ್ಷಕರು ಪ್ರತಿಭಟಿಸಿದರು. ಚಿತ್ರದ ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಹದಿನಾಲ್ಕು ವರ್ಷದ ಬಾಲಕನಿಗೆ ಆ ಕಥೆಯ ರಾಜಕೀಯ ತಿಳಿಯುವುದು ಸಾಧ್ಯವಿರಲಿಲ್ಲ. ಕಥೆ ಬರೆದವನು ಅವನಲ್ಲ. ಆದರೆ ಮುಖ ಅವನದಾಗಿತ್ತು. ತನ್ನ ದೇಶದವರ ಸಿಟ್ಟಿಗೆ ಗುರಿಯಾದ ಚಿತ್ರದಲ್ಲಿ ಎದ್ದು ಕಾಣುವ ಮುಖ ತನ್ನದೇ ಆಗಬೇಕಾದುದು ಪರರ ಕಥೆಯಲ್ಲಿ ಪಾತ್ರವಾಗುವವನಿಗೆ ಒದಗುವ ಸಂಕಟ.

1940ರ 'ದಿ ಥೀಫ್ ಆಫ್ ಬಾಗ್ದಾದ್' ಅವನ ಕೀರ್ತಿಯನ್ನು ಶಿಖರಕ್ಕೇರಿಸಿತು. ಯುದ್ಧ ಆರಂಭವಾದ ಕಾರಣ ಇಂಗ್ಲೆಂಡಿನಲ್ಲಿ ತೊಡಗಿದ ಚಿತ್ರವನ್ನು ಅಮೆರಿಕದಲ್ಲಿ ಮುಗಿಸಲಾಯಿತು. ಹಾರುವ ಜಮಖಾನೆ, ಸೀಸೆಯಿಂದ ಹೊರಬರುವ ದೈತ್ಯ ಮೊದಲಾದ ಅದ್ಭುತಗಳಿಂದ ಕೂಡಿದ ಈ ಚಿತ್ರ ವರ್ಣ ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಕಳ್ಳ ಬಾಲಕ ಅಬುವಾಗಿ ಸಾಬು ತೋರಿದ ಚಟುವಟಿಕೆ, ತುಂಟತನ, ಧೈರ್ಯಗಳು ಇಂದಿಗೂ ಮಾಸಿಲ್ಲ. ದೈತ್ಯನಾಗಿ ಅವನೆದುರು ನಿಂತವನು ಅಮೆರಿಕದ ನೀಗ್ರೋ ಜನಾಂಗದ ಶ್ರೇಷ್ಠ ನಟ ರೆಕ್ಸ್ ಇಂಗ್ರಾಮ್. ಚಿತ್ರದ ಜೀವಾಳವಾದ ದೃಶ್ಯಗಳು ಇವರಿಬ್ಬರವೇ. ಆದರೂ ಬಾಗ್ದಾದಿನ ದೊರೆ, ರಾಜಕುಮಾರಿ, ಮಂತ್ರಿ ಮೂವರೂ ಯುರೋಪಿನವರು. ಪ್ರೇಮವೂ ಸಿಂಹಾಸನವೂ ಅವರಿಗೆ. ಸಾಹಸ ಮಾಡಿ ಎಲ್ಲರನ್ನೂ ಉಳಿಸಿದ ಅಬು ಕೊನೆಗೆ ಜಮಖಾನೆಯ ಮೇಲೆ ಕುಳಿತು ಹಾರಿ ಹೋಗುತ್ತಾನೆ.

1942ರಲ್ಲಿ ಝೋಲ್ಟಾನನ ನಿರ್ದೇಶನದ 'ಜಂಗಲ್ ಬುಕ್' ಬಂದಿತು. ತೋಳಗಳ ನಡುವೆ ಬೆಳೆದ ಮೌಗ್ಲಿಯ ಪಾತ್ರ ಸಾಬುವಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅವನನ್ನು ಹೆತ್ತ ತಾಯಿ ಮೆಸ್ಸುವಾ ಆಗಿ ಬಂದವಳು ಅಮೆರಿಕದ ರೋಸ್‌ಮೇರಿ ಡಿಕ್ಯಾಂಪ್. ಮಗ ಭಾರತೀಯ, ತಾಯಿ ಬಣ್ಣದಿಂದ ಭಾರತೀಯಳು! ಬಳಿಕ ಯೂನಿವರ್ಸಲ್ ಸಂಸ್ಥೆಯ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಚಿತ್ರಗಳು ಒಂದಾದ ಮೇಲೊಂದು ಬಂದವು. ಅರಬ್ಬೀ ದೇಶ, ದಕ್ಷಿಣ ಸಮುದ್ರದ ದ್ವೀಪ, ಹೆಸರಿಲ್ಲದ ನಾಡು ಎಲ್ಲಕ್ಕೂ ಸಾಬು ಒಬ್ಬನೇ ಸಾಕಾಗುತ್ತಿದ್ದನು. ಬಿಳಿಯ ನಾಯಕ ಜಾನ್ ಹಾಲನ ನೆಚ್ಚಿನ ಸಂಗಾತಿಯಾಗುವುದು ಅವನಿಗೆ ಗೊತ್ತುಮಾಡಿದ ಸ್ಥಾನ. ಅವನು ಎಲ್ಲ ಪೌರಸ್ತ್ಯ ನಾಡುಗಳ ಪ್ರತಿನಿಧಿಯಾದನು. ಹಾಗೆ ಎಲ್ಲರಿಗೂ ಪ್ರತಿನಿಧಿಯಾದವನಿಗೆ ಕಾರಾಪುರದ ಪ್ರತಿನಿಧಿಯಾಗುವ ಅವಕಾಶ ಮತ್ತೆ ಬರಲಿಲ್ಲ.

ಯೋಧನಾಗಿ, ಪೌರನಾಗಿ

ಯೌವನಕ್ಕೆ ಕಾಲಿಟ್ಟ ಸಾಬು ಅವರು ತಮ್ಮ ವ್ಯಕ್ತಿತ್ವವನ್ನು ಪೂರ್ಣವಾಗಿ ತೋರಿದ್ದು ತೆರೆಯ ಹೊರಗೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯನ್ನು ಸೇರಿ, ಶಾಂತಸಾಗರದ ರಣರಂಗದಲ್ಲಿ ಲಿಬರೇಟರ್ ಎಂಬ ಬಾಂಬರ್ ವಿಮಾನದ ಗನ್ನರ್ ಆಗಿ ಹಲವಾರು ಕಾರ್ಯಾಚರಣೆಗಳಲ್ಲಿ ಭಾಗವಹಿಸಿದರು. ಶೌರ್ಯಕ್ಕಾಗಿ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ದೊರೆಯಿತು. ಇಲ್ಲಿ ಅವರು ಯಾರ ಸಂಗಾತಿಯ ಪಾತ್ರವನ್ನೂ ವಹಿಸಲಿಲ್ಲ. ಸಮಾನರೊಡನೆ ಸಮಾನರಾಗಿ ಪ್ರಾಣವನ್ನು ಒಡ್ಡಿದರು.

1944ರಲ್ಲಿ ಅವರು ಅಮೆರಿಕದ ಪೌರತ್ವ ಪಡೆದರು. ಇದರ ಮಹತ್ವವನ್ನು ಅರಿಯಲು ಹಿಂದಿನ ಒಂದು ಘಟನೆಯನ್ನು ನೆನೆಯಬೇಕು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, ಭಾರತೀಯರು ಬಿಳಿಯರಲ್ಲವಾದುದರಿಂದ ಅದಕ್ಕೆ ಅರ್ಹರಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತ್ತು. ಭಾರತೀಯರೆಲ್ಲರಿಗೂ ಆ ಬಾಗಿಲು ತೆರೆದದ್ದು 1946ರ ಶಾಸನದಿಂದ. ಅದಕ್ಕೂ ಎರಡು ವರ್ಷ ಮೊದಲೇ, ಯುದ್ಧಕಾಲದಲ್ಲಿ, ಮಾವುತನ ಮಗ ಆ ದೇಶದ ಪೌರನಾದುದು ಸಣ್ಣ ಸಂಗತಿಯಲ್ಲ.

ಇಳಿಗಾಲ

ಯುದ್ಧ ಮುಗಿಸಿ ಬಂದ ಯೋಧನಿಗೆ ಚಿತ್ರರಂಗದಲ್ಲಿ ತಕ್ಕ ಸ್ಥಾನ ಕಾದಿರಲಿಲ್ಲ. 1947ರ 'ಬ್ಲ್ಯಾಕ್ ನಾರ್ಸಿಸಸ್' ಅವರ ಕೊನೆಯ ಹಿರಿಯ ಚಿತ್ರ. ಹಿಮಾಲಯದ ತಪ್ಪಲಿನ ಕ್ರೈಸ್ತ ಸಂನ್ಯಾಸಿನಿಯರ ಕಥೆಯಾದ ಇದನ್ನು ಹಿಮಾಲಯವನ್ನೇ ಕಾಣದೆ ಇಂಗ್ಲೆಂಡಿನಲ್ಲಿ ಚಿತ್ರೀಕರಿಸಲಾಯಿತು. ಸಾಬು ಅವರು ಯುವರಾಜನ ಪಾತ್ರದಲ್ಲಿದ್ದರು. ಅವನು ಮೆಚ್ಚುವ ಗಿರಿಕನ್ಯೆಯ ಪಾತ್ರ ವಹಿಸಿದವಳು ಮೈಗೆ ಕಂದುಬಣ್ಣ ಬಳಿದುಕೊಂಡ ಆಂಗ್ಲ ನಟಿ ಜೀನ್ ಸಿಮನ್ಸ್. ಭಾರತ ಸ್ವತಂತ್ರವಾದ ವರ್ಷದಲ್ಲಿಯೂ ಆ ತೆರೆಯ ಮೇಲೆ ಭಾರತಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ.

ಅನಂತರ ಬಂದ 'ಮ್ಯಾನ್-ಈಟರ್ ಆಫ್ ಕುಮಾವೂನ್', 'ಸಾಂಗ್ ಆಫ್ ಇಂಡಿಯಾ' ಮೊದಲಾದ ಚಿತ್ರಗಳು ಹಳೆಯ ಅಚ್ಚಿನವೇ. ಬಾಲಕನಿಗಾಗಿ ಹೊಲಿದ ಅಂಗಿಯನ್ನು ಬೆಳೆದ ಗಂಡಸಿಗೆ ತೊಡಿಸುವ ಯತ್ನ ನಡೆದೇ ಇತ್ತು. 1948ರಲ್ಲಿ ನಟಿ ಮೆರಿಲಿನ್ ಕೂಪರಳೊಡನೆ ಅವರ ವಿವಾಹವಾಯಿತು. ಇಬ್ಬರು ಮಕ್ಕಳಾದರು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ನೀಡಿದರು. ಚಿತ್ರರಂಗ ಕೈಬಿಟ್ಟಾಗಲೂ ತಂದೆಯಿಂದ ಬಂದ ವಿದ್ಯೆ ಕೈಬಿಡಲಿಲ್ಲ.

ಅವರ ಬಾಳಿನಲ್ಲಿ ತಾಯ್ನಾಡಿನ ಚಿತ್ರರಂಗದ ಬಾಗಿಲು ಒಮ್ಮೆ ಅರ್ಧ ತೆರೆಯಿತು. ಮೆಹಬೂಬ್ ಖಾನರು 'ಮದರ್ ಇಂಡಿಯಾ' ಚಿತ್ರದ ಬಿರ್ಜುವಿನ ಪಾತ್ರಕ್ಕೆ ಸಾಬು ಅವರನ್ನು ಕರೆಸಿದರು. ಸಾಲದ ಹೊರೆಯಲ್ಲಿ ನಲುಗಿದ ರೈತ ಕುಟುಂಬದ ಸಿಡಿಲಮರಿಯಂಥ ಮಗನ ಪಾತ್ರವದು. ತೆರೆಯ ಮೇಲೆ ಅವರಿಗೆ ಅದುವರೆಗೆ ಕೋಪಗೊಳ್ಳುವ ಹಕ್ಕಿರಲಿಲ್ಲ. ಇಲ್ಲಿ ಅನ್ಯಾಯದೆದುರು ಕೆರಳುವ, ಮಣ್ಣಿನ ಮಗನಾಗುವ ಅವಕಾಶ ಒದಗಿತ್ತು. ಅವರು ಮುಂಬಯಿಗೆ ಬಂದರು. ಆದರೆ ಚಿತ್ರೀಕರಣ ತಡವಾಯಿತು. ಅವರೀಗ ಅಮೆರಿಕದ ಪೌರರಾಗಿದ್ದುದರಿಂದ ಕೆಲಸ ಮಾಡಲು ಬೇಕಾದ ಸರ್ಕಾರಿ ಅನುಮತಿ ಕೈಸೇರಲಿಲ್ಲ. ಪಾತ್ರ ಸುನೀಲ್ ದತ್ತರಿಗೆ ಹೋಯಿತು. 1957ರಲ್ಲಿ ಬಂದ ಆ ಚಿತ್ರ ಭಾರತೀಯ ಚಿತ್ರರಂಗದ ಹೆಗ್ಗುರುತಾಯಿತು. ಪಡುವಣಕ್ಕೆ ಸಾಬು ಎಂದಿಗೂ ಭಾರತದ ಬಾಲಕ. ಭಾರತದ ಕಾಗದಪತ್ರಗಳಿಗೆ ಅವರು ಪರದೇಶಿ. ಭಾರತದ ಒಂದು ಚಿತ್ರದಲ್ಲಿಯೂ ಅಭಿನಯಿಸದೆಯೇ ಅವರ ಬಾಳು ಮುಗಿಯಿತು.

1960ರಲ್ಲಿ ಹಾಲಿವುಡ್ಡಿನ ಕೀರ್ತಿಪಥದಲ್ಲಿ ಅವರ ಹೆಸರಿನ ನಕ್ಷತ್ರ ಮೂಡಿತು. ಅದೇ ವರ್ಷ, ಹಡಗಿನಲ್ಲಿ ಜೊತೆಗೆ ಬಂದಿದ್ದ ಅಣ್ಣ ದಸ್ತಗೀರ್ ಅಂಗಡಿಯೊಂದರ ದರೋಡೆಯ ಯತ್ನದಲ್ಲಿ ಕೊಲೆಯಾದರು. 1963ರ 'ರ‍್ಯಾಂಪೇಜ್' ಚಿತ್ರದಲ್ಲಿ ಸಾಬು ಅವರು ಬೇಟೆಗಾರರಿಗೆ ದಾರಿ ತೋರುವವನ ಪಾತ್ರ ವಹಿಸಿದರು. ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್' ಚಿತ್ರದ ಕೆಲಸ ಮುಗಿಸಿದ್ದರು. ಅದು ತೆರೆಕಾಣುವ ಮೊದಲೇ, 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ನಿಧನ ಹೊಂದಿದರು. ಆಗ ಅವರಿಗೆ ಕೇವಲ 39 ವರ್ಷ. ಕಬಿನಿಯ ಮಗ ಲಾಸ್ ಏಂಜಲೀಸಿನ ನೆಲದಲ್ಲಿ ಮಣ್ಣಾದರು.

ಬಾಳಿನ ಬೆಲೆ

ಇಂದು ಆ ಹಳೆಯ ಲೋಕ ಇಲ್ಲ. ಖೆಡ್ಡಾ 1971ರಲ್ಲಿ ಕೊನೆಗೊಂಡಿತು. 1974ರ ಹೊತ್ತಿಗೆ ಎದ್ದುನಿಂತ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಹಿಂದಿನ ಕಾಡಿನ ಎಷ್ಟೋ ಭಾಗ ಮುಳುಗಿತು. ಆದರೆ 'ಎಲಿಫೆಂಟ್ ಬಾಯ್' ಚಿತ್ರದಲ್ಲಿ 1935-36ರ ಮೈಸೂರಿನ ಕಾಡು, ಹೊಳೆ, ಐರಾವತ ಹಾಗೂ ಅದರ ಬೆನ್ನಮೇಲಿನ ಬಾಲಕ ಇಂದಿಗೂ ಜೀವಂತವಾಗಿವೆ. ಕಥೆ ಪರರದು, ಮಾತು ಪರರದು. ಆದರೆ ಆನೆಯ ಕಿವಿಯ ಹಿಂದೆ ಕಾಲಿಟ್ಟು ಅದನ್ನು ನಡೆಸುವ ಆ ವಿದ್ಯೆ ಅವನದು, ಅವನ ತಂದೆಯದು, ಹೆಸರಿಲ್ಲದ ಮಾವುತರೆಲ್ಲರದು. ಪಡುವಣದ ಚಿತ್ರರಂಗ ತನ್ನ ಕಲ್ಪನೆಯ ಭಾರತವನ್ನು ತೋರಿಸಲು ಹೊರಟು, ತನಗರಿಯದೆಯೇ ಒಬ್ಬ ಕಾಯಕಜೀವಿಯ ಸತ್ಯವನ್ನು ದಾಖಲಿಸಿತು.

ಸಾಬು ತೆರೆಯ ಮೇಲೆ ಮೆರೆಯುತ್ತಿದ್ದ ವರ್ಷಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಕಲಿಯಬೇಕಾಗಿತ್ತು. ತಮ್ಮ ಬಾಳು ತಮ್ಮ ಪುಸ್ತಕದಲ್ಲಿ ಕಾಣದಿರುವುದೆಂದರೆ ಏನೆಂಬುದನ್ನು ಈ ಸೀಮೆಯ ಹಿರಿಯ ತಲೆಮಾರು ಬಲ್ಲುದು. ಮಠಗಳು ಶಾಲೆಗಳನ್ನೂ ಉಚಿತ ಪ್ರಸಾದ ನಿಲಯಗಳನ್ನೂ ತೆರೆದುದು ಆ ಕೊರತೆಯನ್ನು ನೀಗಲೆಂದೇ. ಕೂಲಿಕಾರನ ಮಗನೂ ಕುರಿಗಾಹಿಯ ಮಗಳೂ ಜಾತಿಮತಗಳ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಉಂಡು ಓದಲೆಂಬುದು ದಾಸೋಹದ ಅರ್ಥ.

ಅನಾಥ ಬಾಲಕನೊಬ್ಬನಿಗೆ ಅನ್ನ, ಆಶ್ರಯ, ಅವಕಾಶ ದೊರೆತರೆ ಅವನು ಲೋಕವನ್ನೇ ಗೆಲ್ಲಬಲ್ಲನೆಂಬುದನ್ನು ಸಾಬುವಿನ ಜೀವನ ತೋರಿಸಿದೆ. ಅವಕಾಶವೊಂದೇ ಸಾಲದೆಂಬುದನ್ನೂ ಅದೇ ಜೀವನ ತೋರಿಸಿದೆ. ಅವನನ್ನು ರಂಗಕ್ಕೆ ಕರೆದವರಿದ್ದರು, ಅವನ ಮುಖವನ್ನು ಮೆಚ್ಚಿದವರಿದ್ದರು. ನಿನ್ನ ಕಥೆಯನ್ನು ನೀನೇ ಬರೆ ಎಂದು ಅವನ ಕೈಗೆ ಲೇಖನಿ ಕೊಟ್ಟವರು ಇರಲಿಲ್ಲ. ರಂಗದ ಮೇಲೆ ನಿಲ್ಲುವ ಧೈರ್ಯವನ್ನೂ ತನ್ನ ಕಥೆಯನ್ನು ತಾನೇ ಹೇಳುವ ಶಕ್ತಿಯನ್ನೂ ಮಗುವಿಗೆ ಜೊತೆಯಾಗಿ ಕೊಡಬಲ್ಲ ಸ್ಥಳ ಶಾಲೆ. ಭೀಮೆಯ ದಂಡೆಯ ಯಾವುದೋ ಹಳ್ಳಿಯಿಂದ ಬಂದು ಇಂದು ಹಲಗೆ-ಬಳಪ ಹಿಡಿದು ಕುಳಿತ ಮಗುವಿಗೆ ಆ ಎರಡೂ ದೊರೆಯಲಿ. ಕಾರಾಪುರದ ಮಾವುತನ ಮಗನಿಗೆ ಸಲ್ಲುವ ನಿಜವಾದ ಸ್ಮಾರಕ ಅದೇ.